ಬಾಹ್ಯಾಕಾಶದ ಅತಿವಾಹಕ ಕಾಂತಕ್ಕೆ ತಂಪು: ಹೀಲಿಯಂ ತೊಟ್ಟಿಯೋ, ಕ್ರಯೋಕೂಲರೋ, ನೆರಳೋ?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆಂದು ರೂಪಿಸಿದ ಎಎಂಎಸ್-02 ಕಣಶೋಧಕದ ನಡುವೆ ಮೂಲ ಯೋಜನೆಯಂತೆ ಇರಬೇಕಾಗಿದ್ದದ್ದು ಅತಿವಾಹಕ ಕಾಂತ, ಅಂದರೆ ಬಹಳ ತಣ್ಣಗಾದಾಗ ವಿದ್ಯುತ್ತಿಗೆ ರೋಧವನ್ನೇ ಒಡ್ಡದ ತಂತಿಯಿಂದ ಸುತ್ತಿದ ಕಾಂತ. ನಯೋಬಿಯಂ-ಟೈಟಾನಿಯಂ ತಂತಿಯ ಹದಿನಾಲ್ಕು ಸುರುಳಿಗಳು, 0.87 ಟೆಸ್ಲಾ ಕ್ಷೇತ್ರ, ಸುರುಳಿಗಳನ್ನು 1.8 ಕೆಲ್ವಿನ್ (ಪರಮ ಶೂನ್ಯವಾದ ಸುಮಾರು −273 ಡಿಗ್ರಿ ಸೆಲ್ಸಿಯಸ್‌ಗಿಂತ 1.8 ಡಿಗ್ರಿ ಮೇಲೆ) ಆಸುಪಾಸಿನಲ್ಲಿ ಇಡಲು ಸುಮಾರು 2,500 ಲೀಟರ್ ಅತಿದ್ರವ ಹೀಲಿಯಂ. ವರ್ಷಗಟ್ಟಲೆ ಶ್ರಮಿಸಿ ಕಟ್ಟಿ, ನಿರ್ವಾತ ಕೋಣೆಯಲ್ಲಿ ಪರೀಕ್ಷೆಯನ್ನೂ ಮುಗಿಸಿದ್ದ ಆ ಕಾಂತವನ್ನು 2010ರಲ್ಲಿ ಹೊರತೆಗೆದು, 1998ರಲ್ಲಿ ಒಮ್ಮೆ ಹಾರಿ ಬಂದಿದ್ದ ಹಳೆಯ ಶಾಶ್ವತ ಕಾಂತವನ್ನು ಅದರ ಜಾಗದಲ್ಲಿ ಕೂರಿಸಲಾಯಿತು. ಅತಿವಾಹಕ ಕಾಂತದ ಕ್ಷೇತ್ರ ಹಳೆಯದರ ಐದಾರು ಪಟ್ಟು ಬಲವಾಗಿತ್ತು. ಆದರೆ ಅದರ ಹೀಲಿಯಂ ಹೆಚ್ಚೆಂದರೆ ಮೂರು ವರ್ಷಕ್ಕೆ ಸಾಲುವಂಥದ್ದು, ನಿಲ್ದಾಣದ ಆಯುಷ್ಯವನ್ನೋ ಅಷ್ಟರಲ್ಲಿ 2020ರವರೆಗೆ ವಿಸ್ತರಿಸಲಾಗಿತ್ತು. 2011ರ ಮೇ ತಿಂಗಳಲ್ಲಿ ಹಾರಿದ ಉಪಕರಣವು ದುರ್ಬಲ ಕಾಂತದೊಡನೆಯೇ ಒಂದು ದಶಕಕ್ಕೂ ಮೀರಿ ಕೆಲಸ ಮಾಡಿದೆ.

ಬಾಹ್ಯಾಕಾಶದಲ್ಲಿ ಅತಿವಾಹಕ ಕಾಂತವನ್ನು ಬಳಸಬೇಕೆಂದು ಯೋಚಿಸುವ ಪ್ರತಿಯೊಬ್ಬರೂ ಈ ನಿರ್ಧಾರವನ್ನು ಗಮನವಿಟ್ಟು ನೋಡಬೇಕು. ಯಾವ ತಂಪುಕಾರಕ ಉತ್ತಮ ಎಂಬುದು ಮೊದಲು ಕೇಳುವ ಪ್ರಶ್ನೆಯಲ್ಲ. ಕಾಂತ ಎಷ್ಟು ವರ್ಷ ಕೆಲಸ ಮಾಡಬೇಕು, ಎಷ್ಟು ತಾಪದಲ್ಲಿ ಮಾಡಬೇಕು, ಯಾವ ಕಕ್ಷೆಯಲ್ಲಿ ಮಾಡಬೇಕು ಎಂಬ ಮೂರನ್ನು ತೀರ್ಮಾನಿಸಿದರೆ ತಂಪುಕಾರಕದ ಆಯ್ಕೆ ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು, ಕೈಗೆ ಸಿಕ್ಕ ತಂತ್ರಜ್ಞಾನಕ್ಕೆ ತಕ್ಕಂತೆ ಯೋಜನೆಯ ಆಯುಷ್ಯವನ್ನು ಕತ್ತರಿಸಬೇಕಾಗುತ್ತದೆ.

ಮೊದಲು ತಂತಿ, ಆಮೇಲೆ ತಂಪು

ಅತಿವಾಹಕ ತಂತಿಗೆ ತಾಪ, ಕಾಂತಕ್ಷೇತ್ರ, ವಿದ್ಯುತ್ ಪ್ರವಾಹದ ಸಾಂದ್ರತೆ ಎಂಬ ಮೂರು ಮಿತಿಗಳಿವೆ, ಮತ್ತು ಇವು ಒಂದಕ್ಕೊಂದು ಕಟ್ಟಿಕೊಂಡಿವೆ. ಕ್ಷೇತ್ರ ಹೆಚ್ಚಿದಂತೆ ತಂತಿ ಸಹಿಸುವ ತಾಪ ತಗ್ಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಕಾಣುವ ನಿರ್ಣಾಯಕ ತಾಪವನ್ನೇ (ಅದನ್ನು ಮೀರಿದರೆ ಅತಿವಾಹಕ ಗುಣ ಅಳಿಯುತ್ತದೆ) ಕೆಲಸದ ತಾಪವೆಂದು ಭಾವಿಸಬಾರದು. ನಯೋಬಿಯಂ-ಟೈಟಾನಿಯಂನ ನಿರ್ಣಾಯಕ ತಾಪ 9 ಕೆಲ್ವಿನ್‌ಗಿಂತ ತುಸು ಮೇಲಿದ್ದರೂ ಅದು ನಿಜವಾಗಿ ದುಡಿಯುವುದು 4.2 ಕೆಲ್ವಿನ್‌ನಲ್ಲಿ ಅಥವಾ ಅದಕ್ಕಿಂತ ಕೆಳಗೆ. 2001ರಲ್ಲಿ ಅತಿವಾಹಕವೆಂದು ತಿಳಿದುಬಂದ ಮೆಗ್ನೀಸಿಯಂ ಡೈಬೋರೈಡ್‌ನ ನಿರ್ಣಾಯಕ ತಾಪ 39 ಕೆಲ್ವಿನ್. ಒಂದೆರಡು ಟೆಸ್ಲಾ ಕ್ಷೇತ್ರದ ಕಾಂತಕ್ಕೆ ಅದನ್ನು 10ರಿಂದ 20 ಕೆಲ್ವಿನ್ ನಡುವೆ ಬಳಸುವುದು ವಿವೇಕ. ವಿರಳ ಭಸ್ಮ ಧಾತುಗಳ ತಾಮ್ರದ ಆಕ್ಸೈಡ್ ಪಟ್ಟಿಗಳು 90 ಕೆಲ್ವಿನ್ ಆಸುಪಾಸಿನವರೆಗೂ ಅತಿವಾಹಕವಾಗಿರುತ್ತವಾದರೂ, ಗಣನೀಯ ಕ್ಷೇತ್ರ ಬೇಕೆಂದರೆ ಅವನ್ನು 20ರಿಂದ 60 ಕೆಲ್ವಿನ್‌ಗೆ ಇಳಿಸುವುದು ಒಳ್ಳೆಯದು.

ಈ ಅಂಕಿಗಳು ಏಕೆ ಇಷ್ಟು ಮುಖ್ಯವೆಂದರೆ, ತಾಪ ಇಳಿದಂತೆ ತಂಪಿನ ಬೆಲೆ ಸಮವಾಗಿ ಏರುವುದಿಲ್ಲ, ಬಹಳ ಬೇಗ ಏರುತ್ತದೆ. ಶಾಖವನ್ನು 300 ಕೆಲ್ವಿನ್‌ನಲ್ಲಿ ಹೊರಹಾಕುವ ಆದರ್ಶ ಯಂತ್ರವೊಂದಕ್ಕೆ, 77 ಕೆಲ್ವಿನ್‌ನಿಂದ ಒಂದು ವ್ಯಾಟ್ ಶಾಖವನ್ನು ಎತ್ತಲು ಸುಮಾರು 3 ವ್ಯಾಟ್ ವಿದ್ಯುತ್ ಸಾಕು. 50 ಕೆಲ್ವಿನ್‌ನಿಂದ 5 ವ್ಯಾಟ್, 20 ಕೆಲ್ವಿನ್‌ನಿಂದ 14 ವ್ಯಾಟ್, 4.2 ಕೆಲ್ವಿನ್‌ನಿಂದ ಎತ್ತಲು 70 ವ್ಯಾಟ್ ಬೇಕು. ಇವು ಪ್ರಕೃತಿ ನಿಯಮ ವಿಧಿಸುವ ಕನಿಷ್ಠಗಳು. ನಿಜವಾದ ಯಂತ್ರಗಳು ಈ ಆದರ್ಶದ ಒಂದು ಪಾಲನ್ನಷ್ಟೇ ಮುಟ್ಟುತ್ತವೆ, ತಾಪ ಇಳಿದಂತೆ ಆ ಪಾಲೂ ಕುಗ್ಗುತ್ತದೆ. 4 ಕೆಲ್ವಿನ್ ಬಳಿ ಅದು ಶೇಕಡಾ ಕೆಲವಷ್ಟೇ ಆಗಿರುವುದರಿಂದ, ಅಲ್ಲಿನ ಒಂದು ವ್ಯಾಟ್ ಶಾಖವನ್ನು ಯಂತ್ರದಿಂದ ಎತ್ತಲು ಕಿಲೋವ್ಯಾಟ್ ಲೆಕ್ಕದಲ್ಲಿ ವಿದ್ಯುತ್ ಬೇಕಾಗುತ್ತದೆ. ನೌಕೆಯೊಂದರ ಸೌರಫಲಕಗಳ ದೃಷ್ಟಿಯಿಂದ ಇದು ದೊಡ್ಡ ಮಾತು.

ತಂತಿಯ ಆಯ್ಕೆಗೆ ಇನ್ನೊಂದು ಮಗ್ಗುಲಿದೆ. ನಯೋಬಿಯಂ-ಟೈಟಾನಿಯಂ ತಂತಿಗಳ ತುದಿಗಳನ್ನು ಅತಿವಾಹಕವಾಗಿಯೇ ಬೆಸೆಯಲು ಬರುತ್ತದೆ. ಹಾಗಾಗಿ ಒಮ್ಮೆ ವಿದ್ಯುತ್ ತುಂಬಿ ಮಂಡಲವನ್ನು ಮುಚ್ಚಿದರೆ ಪ್ರವಾಹ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಆಕ್ಸೈಡ್ ಪಟ್ಟಿಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ಅತ್ಯಲ್ಪ ರೋಧ ಉಳಿಯುತ್ತದೆ, ಪ್ರವಾಹ ನಿಧಾನವಾಗಿ ಕರಗುತ್ತದೆ, ಅದನ್ನು ಮತ್ತೆ ಮತ್ತೆ ತುಂಬುವ ವ್ಯವಸ್ಥೆ ಬೇಕಾಗುತ್ತದೆ.

ಶಾಖದ ಲೆಕ್ಕಪುಸ್ತಕ

ಆಕಾಶದ ಹಿನ್ನೆಲೆ 2.7 ಕೆಲ್ವಿನ್ ಇರುವಾಗ ತಂಪಿನ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ವಿಕಿರಣದ ನಿಯಮದಲ್ಲಿದೆ. ಒಂದು ವಸ್ತು ಹೊರಸೂಸುವ ಶಾಖವು ಅದರ ತಾಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಒಂದು ಚದರ ಮೀಟರ್ ಕಪ್ಪು ಮೇಲ್ಮೈ 300 ಕೆಲ್ವಿನ್‌ನಲ್ಲಿ ಸುಮಾರು 460 ವ್ಯಾಟ್ ಸೂಸಿದರೆ, 50 ಕೆಲ್ವಿನ್‌ನಲ್ಲಿ ಅದೇ ಮೇಲ್ಮೈ ಸೂಸುವುದು 0.35 ವ್ಯಾಟ್, 20 ಕೆಲ್ವಿನ್‌ನಲ್ಲಿ 9 ಮಿಲಿವ್ಯಾಟ್, 4 ಕೆಲ್ವಿನ್‌ನಲ್ಲಿ ಕೇವಲ 15 ಮೈಕ್ರೋವ್ಯಾಟ್. ಆಕಾಶ ಎಷ್ಟೇ ತಣ್ಣಗಿದ್ದರೂ, 4 ಕೆಲ್ವಿನ್‌ನ ಕಾಂತ ತನ್ನ ಶಾಖವನ್ನು ಅದಕ್ಕೆ ಒಪ್ಪಿಸಲಾರದು. 50 ಕೆಲ್ವಿನ್‌ನ ಕಾಂತ ಒಪ್ಪಿಸಬಲ್ಲದು. ಮುಂದೆ ಹೇಳುವ ಆಯ್ಕೆಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಒಳಬರುವ ಶಾಖಕ್ಕೆ ಬಾಗಿಲುಗಳು ಹಲವು. ಬಿಸಿ ಹೊರಕವಚದಿಂದ ಬರುವ ವಿಕಿರಣ ಮೊದಲನೆಯದು; ಇದಕ್ಕೆ ಬಹುಪದರದ ಹೊಳಪು ಹೊದಿಕೆಯೂ ನಡುನಡುವೆ ತಂಪಾಗಿಸಿದ ಕವಚಗಳೂ ಪರಿಹಾರ. ಕಾಂತವನ್ನು ಹಿಡಿದಿರುವ ಆಧಾರಗಳು ಎರಡನೆಯದು. ಉಡಾವಣೆಯ ಅದುರಾಟವನ್ನು ತಡೆಯಲು ಆಧಾರ ದಪ್ಪಗಿರಬೇಕು, ಕಕ್ಷೆಯಲ್ಲಿ ಶಾಖ ನುಸುಳದಿರಲು ತೆಳ್ಳಗಿರಬೇಕು ಎಂಬ ವೈರುಧ್ಯ ಇಲ್ಲಿದೆ. ಉಡಾವಣೆಯ ವೇಳೆ ಬಿಗಿಯಾಗಿದ್ದು ಆಮೇಲೆ ಸಡಿಲಾಗುವ ನಾರಿನ ಪಟ್ಟಿಗಳಿಂದ ಇದನ್ನು ಒಂದು ಮಟ್ಟಿಗೆ ನಿಭಾಯಿಸಬಹುದು. ಮೂರನೆಯದು, ಕಾಂತಗಳಿಗೇ ವಿಶೇಷವಾದದ್ದು, ವಿದ್ಯುತ್ ತಂತಿ. ಕೋಣೆಯ ತಾಪದಿಂದ 4 ಕೆಲ್ವಿನ್‌ವರೆಗೆ ಒಂದು ಸಾವಿರ ಆಂಪಿಯರ್ ಒಯ್ಯುವ ತಾಮ್ರದ ತಂತಿ, ಎಷ್ಟೇ ಜಾಣತನದಿಂದ ಅಳತೆ ಆರಿಸಿದರೂ, ನಡುವೆ ಎಲ್ಲೂ ತಂಪಾಗಿಸದಿದ್ದರೆ ತುದಿಗೆ ನಲವತ್ತು ವ್ಯಾಟ್‌ಗೂ ಹೆಚ್ಚು ಶಾಖ ಸುರಿಯುತ್ತದೆ. ಹೊರಹೋಗುವ ಹೀಲಿಯಂ ಆವಿಯನ್ನು ತಂತಿಯ ಉದ್ದಕ್ಕೂ ಹಾಯಿಸಿದರೆ ಇದು ಸುಮಾರು ಒಂದು ವ್ಯಾಟ್‌ಗೆ ಇಳಿಯುತ್ತದೆ. ದೂರದರ್ಶಕದ ಸಂವೇದಕಗಳನ್ನು ತಂಪಾಗಿಡುವುದಕ್ಕೂ ಕಾಂತವನ್ನು ತಂಪಾಗಿಡುವುದಕ್ಕೂ ಇರುವ ದೊಡ್ಡ ಅಂತರ ಇದೇ. ಎಎಂಎಸ್-02ರ ವಿನ್ಯಾಸದಲ್ಲಿ ಕಾಂತಕ್ಕೆ ಪ್ರವಾಹ ತುಂಬಿದ ಮೇಲೆ ಹೊರತಂತಿಗಳನ್ನು ಯಾಂತ್ರಿಕವಾಗಿ ಬೇರ್ಪಡಿಸುವ ಏರ್ಪಾಡು ಇದ್ದದ್ದು ಈ ಕಾರಣಕ್ಕಾಗಿಯೇ.

ತೊಟ್ಟಿಯಲ್ಲಿ ಹೊತ್ತೊಯ್ಯುವ ತಂಪು

ದ್ರವವನ್ನೋ ಘನವನ್ನೋ ತುಂಬಿಕೊಂಡು ಹೋಗಿ, ಅದು ಆವಿಯಾಗುತ್ತಾ ಮುಗಿಯುವವರೆಗೆ ಕೆಲಸ ಮಾಡುವುದು ಎಲ್ಲಕ್ಕಿಂತ ಹಳೆಯ ದಾರಿ. 1983ರ ಐರಾಸ್ ಮತ್ತು 1989ರ ಕೋಬಿ ಉಪಗ್ರಹಗಳ ಹೀಲಿಯಂ ತಲಾ ಸುಮಾರು ಹತ್ತು ತಿಂಗಳು ಬಾಳಿತು. ಈ ದಾರಿಯ ಗುಣಗಳನ್ನು ಕಡೆಗಣಿಸಬಾರದು: ಕಂಪನವಿಲ್ಲ, ವಿದ್ಯುತ್ ಬೇಡ, ತಾಪ ಅತ್ಯಂತ ಸ್ಥಿರ. 2.17 ಕೆಲ್ವಿನ್‌ಗಿಂತ ಕೆಳಗೆ ಹೀಲಿಯಂ ಅತಿದ್ರವವಾಗಿ ಶಾಖವನ್ನು ಅಸಾಧಾರಣ ವೇಗದಲ್ಲಿ ಸಾಗಿಸುತ್ತದೆ, ಆದ್ದರಿಂದ ತೊಟ್ಟಿಯ ಒಳಗೆ ಒಂದೆಡೆ ಬಿಸಿ, ಒಂದೆಡೆ ತಂಪು ಎಂಬುದೇ ಉಳಿಯುವುದಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ದ್ರವವನ್ನು ಒಳಗೆ ಹಿಡಿದು ಆವಿಯನ್ನು ಮಾತ್ರ ಹೊರಬಿಡಲು ರಂಧ್ರಮಯ ಬಿರಡೆ ಸಾಕಾಗುವುದೂ ಈ ಅತಿದ್ರವ ಗುಣದಿಂದಲೇ.

ಕೊರತೆ ಇರುವುದು ಪ್ರಮಾಣದಲ್ಲಿ. 4.2 ಕೆಲ್ವಿನ್‌ನಲ್ಲಿ ಒಂದು ಗ್ರಾಂ ದ್ರವ ಹೀಲಿಯಂ ಆವಿಯಾಗಲು ಹೀರುವುದು ಸುಮಾರು 21 ಜೂಲ್ ಅಷ್ಟೇ. ಹೀಲಿಯಂನೊಳಗೆ ಸತತವಾಗಿ ಒಂದು ವ್ಯಾಟ್ ಶಾಖ ನುಸುಳಿದರೆ ದಿನಕ್ಕೆ ಮೂವತ್ತಮೂರು ಲೀಟರ್‌ನಷ್ಟು ಖಾಲಿಯಾಗುತ್ತದೆ. 2,500 ಲೀಟರ್ ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ತಿರುಗಿಸಿ ಲೆಕ್ಕ ಹಾಕಿದರೆ, 1.8 ಕೆಲ್ವಿನ್‌ನ 2,500 ಲೀಟರ್ ಅತಿದ್ರವ ಹೀಲಿಯಂ ಮೂರು ವರ್ಷ ಬರಬೇಕಾದರೆ ತಣ್ಣನೆಯ ಭಾಗಕ್ಕೆ ಬರುವ ಒಟ್ಟು ಶಾಖ ಸರಾಸರಿ 0.09 ವ್ಯಾಟ್ ದಾಟುವಂತಿಲ್ಲ. ಟನ್‌ಗಟ್ಟಲೆ ತೂಗುವ ಕಾಂತವೊಂದಕ್ಕೆ ಇಷ್ಟು ಕಡಿಮೆ ಶಾಖದ ಮಿತಿ ಹಾಕಿಕೊಳ್ಳುವುದೆಂದರೆ ಎಷ್ಟು ಕಠಿಣ ಕೆಲಸವೆಂದು ಊಹಿಸಬಹುದು. ಆವಿ ಹೊರಹೋಗುವಾಗ ಕವಚಗಳನ್ನು ತಂಪಾಗಿಸಿದರೆ ಮಾತ್ರ ಇದು ಸಾಧ್ಯ, ಏಕೆಂದರೆ 4ರಿಂದ 300 ಕೆಲ್ವಿನ್‌ವರೆಗೆ ಬಿಸಿಯಾಗುವಾಗ ಅದೇ ಒಂದು ಗ್ರಾಂ ಅನಿಲ ಸುಮಾರು 1,500 ಜೂಲ್ ಹೀರುತ್ತದೆ. ಈ ಆವಿಯನ್ನು ಬಳಸದೆ ಹೊರಬಿಡುವ ವಿನ್ಯಾಸವನ್ನು ಮುಂದೆ ನೋಡುವ ಅಗತ್ಯವೇ ಇಲ್ಲ.

ತಾಪ 20 ಕೆಲ್ವಿನ್ ಆಸುಪಾಸಿನಲ್ಲಿ ಇರಬಹುದಾದರೆ ತೊಟ್ಟಿಯ ಲೆಕ್ಕ ಬಹಳ ಸುಧಾರಿಸುತ್ತದೆ. ಜಲಜನಕ ಗ್ರಾಂಗೆ ಸುಮಾರು 446 ಜೂಲ್ ಹೀರುತ್ತದೆ. ತೂಕದ ಲೆಕ್ಕದಲ್ಲಿ ಹೀಲಿಯಂನ ಇಪ್ಪತ್ತು ಪಟ್ಟಿಗೂ ಹೆಚ್ಚು. 27 ಕೆಲ್ವಿನ್‌ನಲ್ಲಿ ಕುದಿಯುವ ನಿಯಾನ್ ತೂಕದಲ್ಲಿ ಅಷ್ಟು ಲಾಭದಾಯಕವಲ್ಲದಿದ್ದರೂ ಲೀಟರ್ ಲೆಕ್ಕದಲ್ಲಿ ಹೀಲಿಯಂನ ನಲವತ್ತು ಪಟ್ಟು ಶಾಖ ಹೀರುತ್ತದೆ. ಆದರೆ ಜಲಜನಕ ಹೊತ್ತಿಕೊಳ್ಳುವ ಅನಿಲ, ಮನುಷ್ಯರಿರುವ ನಿಲ್ದಾಣದ ಬಳಿ ಅದಕ್ಕೆ ಅನುಮತಿ ಸುಲಭವಲ್ಲ.

ತೊಟ್ಟಿ ಸರಳವಾದದ್ದು, ಆದ್ದರಿಂದ ಸುರಕ್ಷಿತ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. 1999ರ ಮಾರ್ಚ್‌ನಲ್ಲಿ ಹಾರಿದ ವೈರ್ ಎಂಬ ಅವಕೆಂಪು ದೂರದರ್ಶಕದ ಮುಚ್ಚಳ ಹೊತ್ತಿಗೆ ಮುಂಚೆ ಕಳಚಿತು. ಬಿಸಿ ತಾಗಿದ ಘನ ಜಲಜನಕ ಆವಿಯಾಗಿ ನುಗ್ಗಿ ನೌಕೆಯನ್ನೇ ಗಿರಗಿರನೆ ತಿರುಗಿಸಿತು, ತಂಪುಕಾರಕವೆಲ್ಲ ವ್ಯರ್ಥವಾಯಿತು. 2005ರಲ್ಲಿ ಸುಜಾಕು ಉಪಗ್ರಹದ ಕ್ಷ-ಕಿರಣ ವರ್ಣಪಟಲಮಾಪಕವು, ಹೊರಬಿಟ್ಟ ಹೀಲಿಯಂ ಅನಿಲ ಮರಳಿ ನಿರೋಧಕ ನಿರ್ವಾತದೊಳಗೆ ಸೇರಿದ್ದರಿಂದ, ಉಡಾವಣೆಯಾದ ಒಂದು ತಿಂಗಳೊಳಗೆ ತನ್ನ ಹೀಲಿಯಂ ಪೂರ್ತಿ ಕಳೆದುಕೊಂಡಿತು. ಕಕ್ಷೆಯಲ್ಲೇ ಮರುಪೂರಣ ಮಾಡಬಹುದೇ? ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಅತಿದ್ರವ ಹೀಲಿಯಂ ವರ್ಗಾಯಿಸಬಹುದೆಂದು 1993ರಲ್ಲಿ ಷಟಲ್‌ನಲ್ಲಿ ನಡೆದ ಷೂಟ್ ಪ್ರಯೋಗ ತೋರಿಸಿದೆ. ಆದರೂ ಮರುಪೂರಣದ ನೌಕೆ ಖಚಿತವಾಗಿ ಗೊತ್ತಾಗದ ಹೊರತು ಅದನ್ನು ಯೋಜನೆಯ ಲೆಕ್ಕದಲ್ಲಿ ಸೇರಿಸಬಾರದು.

ಯಂತ್ರದಿಂದ ತಂಪು

ಕ್ರಯೋಕೂಲರ್ ಮುಚ್ಚಿದ ಮಂಡಲದಲ್ಲಿ ಅನಿಲವನ್ನು ಒತ್ತಿ ಹಿಗ್ಗಿಸುತ್ತಾ ಶಾಖವನ್ನು ಎತ್ತುತ್ತದೆ. ಖಾಲಿಯಾಗುವುದು ಯಾವುದೂ ಇಲ್ಲ; ವಿದ್ಯುತ್ ಇರುವವರೆಗೆ, ಯಂತ್ರ ಸವೆಯದಿರುವವರೆಗೆ ತಂಪು ಸಿಗುತ್ತದೆ. ಸವೆತದ ಭಯ ಒಂದು ಕಾಲಕ್ಕೆ ನ್ಯಾಯವಾಗಿತ್ತು. ಈಗ ಪಿಸ್ಟನ್ ಗೋಡೆಗೆ ತಾಗದಂತೆ ಹಾಳೆಯ ಸ್ಪ್ರಿಂಗ್‌ಗಳಲ್ಲಿ ತೂಗಿಬಿಡುವ ವಿನ್ಯಾಸ ರೂಢಿಗೆ ಬಂದಿದೆ. 2002ರಲ್ಲಿ ಆಕ್ವಾ ಉಪಗ್ರಹದೊಂದಿಗೆ ಹಾರಿದ ಏರ್ಸ್ ಉಪಕರಣದ ಪಲ್ಸ್ ಟ್ಯೂಬ್ ಕೂಲರ್‌ಗಳು ಎರಡು ದಶಕದ ಆಚೆಗೂ ನಡೆದಿವೆ.

ಸ್ಟರ್ಲಿಂಗ್ ಮಾದರಿ ಹಗುರವೂ ದಕ್ಷವೂ ಆಗಿದೆ, ಆದರೆ ಅದರ ತಣ್ಣನೆಯ ತುದಿಯಲ್ಲೂ ಚಲಿಸುವ ಭಾಗವಿದೆ. ಪಲ್ಸ್ ಟ್ಯೂಬ್‌ನಲ್ಲಿ ಅದಿಲ್ಲದ ಕಾರಣ ಕಂಪನ ಕಡಿಮೆ. 4 ಕೆಲ್ವಿನ್ ಮಟ್ಟಕ್ಕೆ ಇಳಿಯಲು ಇವುಗಳ ಮೇಲೆ, ಒತ್ತಿದ ಅನಿಲವನ್ನು ಕಿರಿದಾದ ದಾರಿಯಲ್ಲಿ ಹಾಯಿಸಿ ಹಿಗ್ಗಿಸುವ ಜೌಲ್-ಥಾಮ್ಸನ್ ಹಂತವೊಂದನ್ನು ಸೇರಿಸಬೇಕು. ಜೇಮ್ಸ್ ವೆಬ್ ದೂರದರ್ಶಕದ ಮಿರಿ ಉಪಕರಣ 7 ಕೆಲ್ವಿನ್‌ಗಿಂತ ಕೆಳಗೆ ಇರುವುದು ಇಂಥ ಜೋಡಣೆಯಿಂದ. ಅದಕ್ಕೆ ಮೊದಲು ಯೋಚಿಸಿದ್ದ ಘನ ಜಲಜನಕದ ತೊಟ್ಟಿಯನ್ನು ವಿನ್ಯಾಸದ ಹಂತದಲ್ಲೇ ಕೈಬಿಟ್ಟು ಯಂತ್ರವನ್ನು ಆರಿಸಲಾಯಿತು. ಇಂಥ ಕೂಲರ್‌ಗಳು 4 ಕೆಲ್ವಿನ್ ಬಳಿ ಎತ್ತುವುದು ಮಿಲಿವ್ಯಾಟ್‌ಗಳ ಹತ್ತಾರು ಲೆಕ್ಕದಲ್ಲಿ ಎಂಬುದನ್ನು ಮರೆಯಬಾರದು. ಚಿಕ್ಕ ಕಾಂತಕ್ಕೆ ಅದು ಸಾಕು, ಮೀಟರ್ ಅಗಲದ ಕಾಂತಕ್ಕೆ ಸಾಲದು.

ದೊಡ್ಡ ಕಾಂತಕ್ಕೆ ನನ್ನ ಒಲವು ಬ್ರೇಟನ್ ಮಾದರಿಯ ಕಡೆಗಿದೆ. ಇದರಲ್ಲಿ ಪುಟ್ಟ ಟರ್ಬೈನುಗಳು ಅನಿಲದ ಪದರದ ಮೇಲೆ ತೇಲುತ್ತಾ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತವೆ, ಕಂಪನ ಇಲ್ಲವೆನ್ನುವಷ್ಟು ಕಡಿಮೆ, ಮತ್ತು ತಂಪಾದ ಅನಿಲವನ್ನು ಕೊಳವೆಯಲ್ಲಿ ದೂರದವರೆಗೆ ಹರಿಸಬಹುದು. ಹಬಲ್ ದೂರದರ್ಶಕದ ನಿಕ್ಮಾಸ್ ಕ್ಯಾಮೆರಾದ ಘನ ಸಾರಜನಕ ನಿರೀಕ್ಷೆಗಿಂತ ಬೇಗ, 1999ರ ಆರಂಭದಲ್ಲೇ ಮುಗಿದುಹೋದಾಗ, 2002ರಲ್ಲಿ ಗಗನಯಾನಿಗಳು ಅಳವಡಿಸಿದ್ದು ನಿಯಾನ್ ಅನಿಲ ಹರಿಸುವ ಇಂಥದೇ ಯಂತ್ರವನ್ನು. ಕ್ಯಾಮೆರಾ ಮತ್ತೆ ಕೆಲಸಕ್ಕೆ ಬಂತು. ಅಗಲವಾದ ಸುರುಳಿಯ ಸುತ್ತ ಒಂದೇ ತಾಪವನ್ನು ಕಾಯಬೇಕಾದಲ್ಲಿ, ಒಂದು ಬಿಂದುವಿನಲ್ಲಿ ಮಾತ್ರ ತಂಪು ಕೊಡುವ ಯಂತ್ರಕ್ಕಿಂತ ಹರಿಯುವ ಅನಿಲ ಬಹಳ ಅನುಕೂಲ. ಜೊತೆಗೆ ಅನಿಲವನ್ನು ಒತ್ತುವ ಸಂಪೀಡಕವನ್ನು ಕಾಂತದಿಂದ ದೂರ ಇಡಬಹುದು. ಸ್ಟರ್ಲಿಂಗ್ ಮತ್ತು ಪಲ್ಸ್ ಟ್ಯೂಬ್ ಸಂಪೀಡಕಗಳ ಮೋಟಾರಿನಲ್ಲಿ ಶಾಶ್ವತ ಕಾಂತಗಳಿರುವುದರಿಂದ, ಮುಖ್ಯ ಕಾಂತದ ಸೋರುಕ್ಷೇತ್ರ ಅವುಗಳ ಚಲನೆಯನ್ನು ಕೆಡಿಸಬಲ್ಲದು. ಈ ಪರೀಕ್ಷೆಯನ್ನು ಮೊದಲೇ ಮಾಡದೆ ಜಾಗ ನಿಗದಿ ಮಾಡಬಾರದು.

ನೆರಳಿನಿಂದ ತಂಪು

ಸೂರ್ಯನಿಗೂ ಭೂಮಿಗೂ ಬೆನ್ನು ಹಾಕಿ, ಪದರಪದರದ ಮರೆಯ ಹಿಂದೆ ಕುಳಿತು, ಉಳಿದ ಶಾಖವನ್ನು ಕತ್ತಲ ಆಕಾಶಕ್ಕೆ ಸೂಸುವುದು ಮೂರನೆಯ ದಾರಿ. ಪ್ಲಾಂಕ್ ಉಪಗ್ರಹ ಹೀಗೆ 50 ಕೆಲ್ವಿನ್ ಆಸುಪಾಸಿಗೆ ಇಳಿದಿತ್ತು, ಜೇಮ್ಸ್ ವೆಬ್ ಇಳಿಯುವುದು ಸುಮಾರು 40 ಕೆಲ್ವಿನ್‌ಗೆ. ಎರಡೂ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎರಡನೆಯ ಲಗ್ರಾಂಜ್ ಬಿಂದುವಿನ ಬಳಿ ಇರುವಂತೆ ಯೋಜಿಸಿದವು. ಅಲ್ಲಿ ಸೂರ್ಯ, ಭೂಮಿ ಎರಡೂ ಒಂದೇ ಕಡೆ ಕಾಣುತ್ತವೆ, ಒಂದೇ ಮರೆ ಸಾಕು. ಭೂಮಿಯ ಸಮೀಪದ ಕಕ್ಷೆಯಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ಆಕಾಶದ ಸುಮಾರು ಮೂರನೆಯ ಒಂದು ಭಾಗವನ್ನು ಭೂಮಿಯೇ ತುಂಬಿ ಶಾಖ ಸೂಸುತ್ತಿರುತ್ತದೆ, ಸೂರ್ಯ ದಿಕ್ಕು ಬದಲಿಸುತ್ತಿರುತ್ತಾನೆ. ಬರೀ ನೆರಳನ್ನು ನಂಬಿ 50 ಕೆಲ್ವಿನ್‌ನ ಕಾಂತವನ್ನು ಅಲ್ಲಿ ಯೋಜಿಸಬಾರದು.

ಆದರೆ ನೆರಳಿನ ಬೆಲೆ ಕಾಣುವುದು ಅದು ಒಂಟಿಯಾಗಿ ನಿಂತಾಗಲ್ಲ, ಬೇರೆ ದಾರಿಗಳ ಜೊತೆ ಸೇರಿದಾಗ. 1995ರಲ್ಲಿ ಹಾರಿದ ಐಎಸ್‌ಒ ದೂರದರ್ಶಕ ಎರಡು ಸಾವಿರ ಲೀಟರ್‌ಗೂ ಹೆಚ್ಚು ಹೀಲಿಯಂ ಹೊತ್ತು ಸುಮಾರು ಎರಡೂವರೆ ವರ್ಷ ಬಾಳಿತು. 2003ರಲ್ಲಿ ಹಾರಿದ ಸ್ಪಿಟ್ಜರ್ ಹೊತ್ತದ್ದು ಸುಮಾರು 360 ಲೀಟರ್ ಮಾತ್ರ. ಬಾಳಿದ್ದು 2009ರ ಮೇವರೆಗೆ, ಐದೂವರೆ ವರ್ಷಕ್ಕೂ ಹೆಚ್ಚು. ಭೂಮಿಯಿಂದ ದೂರ ಸರಿಯುವ ಕಕ್ಷೆಯಲ್ಲಿ, ಸೂರ್ಯನಿಗೆ ಮರೆಯಾಗಿ, ಅದರ ಹೊರಕವಚ ತಾನಾಗಿಯೇ ತಣ್ಣಗಾದದ್ದೇ ಈ ಅಂತರಕ್ಕೆ ಮುಖ್ಯ ಕಾರಣ. ತೊಟ್ಟಿಯನ್ನು ದೊಡ್ಡದು ಮಾಡುವ ಮೊದಲು ಹೊರಕವಚವನ್ನು ತಂಪಾಗಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಕಾಂತಗಳ ಮಟ್ಟಿಗೆ ಈ ದಾರಿಯನ್ನು ಪೂರ್ತಿಯಾಗಿ ನೆಚ್ಚಿಕೊಂಡ ಪ್ರಸ್ತಾಪ ಎಎಂಎಸ್-100: ಅದೇ ಲಗ್ರಾಂಜ್ ಬಿಂದುವಿನಲ್ಲಿ, ಸೂರ್ಯಮರೆಯ ಹಿಂದೆ, 50ರಿಂದ 60 ಕೆಲ್ವಿನ್‌ನಲ್ಲಿ ಕೆಲಸ ಮಾಡುವ ಆಕ್ಸೈಡ್ ಪಟ್ಟಿಯ ತೆಳು ಸೊಲೆನಾಯ್ಡ್ (ಕೊಳವೆಯಾಕಾರದ ಸುರುಳಿ). ಎಎಂಎಸ್-02ರ ಅನುಭವವನ್ನು ಕಂಡವರು ಮುಂದಿನ ಕಾಂತಕ್ಕೆ ಹೀಲಿಯಂ ಇಲ್ಲದ ದಾರಿಯನ್ನು ಆರಿಸಿದ್ದು ಸಹಜವಾಗಿಯೇ ಇದೆ.

ಕ್ವೆಂಚ್: ತಂಪುಕಾರಕದ ನಿಜವಾದ ಪರೀಕ್ಷೆ

ಸುರುಳಿಯ ಒಂದು ಚುಕ್ಕೆಯಷ್ಟು ಜಾಗ ಬಿಸಿಯಾಗಿ ಅತಿವಾಹಕ ಗುಣ ಕಳೆದುಕೊಂಡರೆ, ಅಲ್ಲಿ ಹುಟ್ಟುವ ಶಾಖ ಪಕ್ಕದ ಜಾಗವನ್ನೂ ಬಿಸಿ ಮಾಡಿ, ಕಾಂತದಲ್ಲಿದ್ದ ಶಕ್ತಿಯೆಲ್ಲ ಶಾಖವಾಗಿಬಿಡುತ್ತದೆ; ಇದೇ ಕ್ವೆಂಚ್. ಎಎಂಎಸ್-02ರ ಅತಿವಾಹಕ ಕಾಂತದಲ್ಲಿ ಸುಮಾರು 5 ಮೆಗಾಜೂಲ್ ಶಕ್ತಿ ಇರುತ್ತಿತ್ತು. ಅಷ್ಟೂ ಹೀಲಿಯಂಗೆ ಹೋದರೆ ಇನ್ನೂರು ಕಿಲೋಗ್ರಾಂಗಿಂತ ಹೆಚ್ಚು, ಅಂದರೆ ತುಂಬಿದ ತೊಟ್ಟಿಯ ಅರ್ಧಕ್ಕೂ ಮೀರಿ, ಒಂದೇ ಘಟನೆಯಲ್ಲಿ ಆವಿಯಾಗುತ್ತದೆ. ಆದ್ದರಿಂದಲೇ ಅಲ್ಲಿ ಸುರುಳಿಗಳನ್ನು ಹೀಲಿಯಂನಲ್ಲಿ ಮುಳುಗಿಸದೆ, ತೊಟ್ಟಿಯಿಂದ ಬೇರೆಯಾಗಿಟ್ಟು ಕೊಳವೆಗಳ ಮೂಲಕ ತಂಪಾಗಿಸುವ ವಿನ್ಯಾಸ ಮಾಡಿದ್ದರು. ತೊಟ್ಟಿಯನ್ನು ಆರಿಸುವವರಿಗೆ ಈ ಬೇರ್ಪಡಿಕೆ ಅನಿವಾರ್ಯವೆಂದೇ ನಾನು ಹೇಳುತ್ತೇನೆ.

ತಾಪ ಏರಿದಂತೆ ಕ್ವೆಂಚ್‌ನ ಸ್ವಭಾವ ಬದಲಾಗುತ್ತದೆ. ತಾಮ್ರದ ವಿಶಿಷ್ಟೋಷ್ಣ, ಅಂದರೆ ಒಂದು ಕಿಲೋಗ್ರಾಂ ತಾಮ್ರದ ತಾಪ ಒಂದು ಕೆಲ್ವಿನ್ ಏರಲು ಬೇಕಾದ ಶಾಖ, 4.2 ಕೆಲ್ವಿನ್‌ನಲ್ಲಿ ಸುಮಾರು 0.1 ಜೂಲ್, 20 ಕೆಲ್ವಿನ್‌ನಲ್ಲಿ 7, 50 ಕೆಲ್ವಿನ್‌ನಲ್ಲಿ ನೂರರ ಹತ್ತಿರ. 4 ಕೆಲ್ವಿನ್‌ನಲ್ಲಿ ತಂತಿ ಕೂದಲೆಳೆಯಷ್ಟು ಜರುಗಿದರೂ ಹುಟ್ಟುವ ಶಾಖ ಕಾಂತವನ್ನು ಕೆಡಿಸಬಹುದು. 50 ಕೆಲ್ವಿನ್‌ನಲ್ಲಿ ಅಂಥ ಘಟನೆಯನ್ನು ಲೋಹ ತಾನೇ ನುಂಗಿಕೊಳ್ಳುತ್ತದೆ. ಇದು ಬಿಸಿಯ ತುದಿಯ ಕಾಂತಗಳ ದೊಡ್ಡ ಲಾಭ. ನಷ್ಟವೂ ಅಲ್ಲೇ ಇದೆ: ಒಮ್ಮೆ ಶುರುವಾದ ಕ್ವೆಂಚ್ ಆಕ್ಸೈಡ್ ಪಟ್ಟಿಯಲ್ಲಿ ಬಹಳ ನಿಧಾನವಾಗಿ ಹರಡುತ್ತದೆ, ಅಳೆಯಬಹುದಾದಷ್ಟು ವಿಭವ (ವೋಲ್ಟೇಜ್) ಕಾಣಿಸುವ ಹೊತ್ತಿಗೆ ಆ ಒಂದು ಜಾಗ ಸುಟ್ಟಿರಬಹುದು. ಆಕ್ಸೈಡ್ ಕಾಂತವನ್ನು ಆರಿಸುವವರು ಕ್ವೆಂಚ್ ಪತ್ತೆಯ ವ್ಯವಸ್ಥೆಗೆ ತಂಪುಕಾರಕಕ್ಕೆ ಕೊಡುವಷ್ಟೇ ಗಮನ ಕೊಡಬೇಕು.

ಯಾರಿಗೆ ಯಾವುದು

ಕೆಲಸ ಕೆಲವು ವಾರಗಳದ್ದಾದರೆ ಹೀಲಿಯಂ ತೊಟ್ಟಿಗೆ ಎದುರಿಲ್ಲ. 2007ರ ಕೊನೆಯಲ್ಲಿ ಅಂಟಾರ್ಕ್ಟಿಕಾದ ಮೇಲೆ ಬಲೂನಿನಲ್ಲಿ ಹಾರಿದ ಬೆಸ್-ಪೋಲಾರ್ ಪ್ರಯೋಗದ ಎರಡನೆಯ ಹಾರಾಟ ದ್ರವ ಹೀಲಿಯಂನಲ್ಲಿಟ್ಟ ಅತಿವಾಹಕ ಸೊಲೆನಾಯ್ಡ್‌ನೊಂದಿಗೆ ಮೂರು ವಾರಕ್ಕೂ ಹೆಚ್ಚು ಕಾಲ ದತ್ತಾಂಶ ಕಲೆಹಾಕಿತು. ಒಂದು ವರ್ಷದೊಳಗಿನ ಯೋಜನೆಗೂ ಇದನ್ನೇ ಮೊದಲು ಪರಿಗಣಿಸಬೇಕು.

ಕಾಂತ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ ಬೇಕಾದ ತಾಪ ಬಹಳ ಕಡಿಮೆ ಎಂಬ ಸಂದರ್ಭವೂ ಉಂಟು. 2023ರಲ್ಲಿ ಹಾರಿದ ಎಕ್ಸ್‌ರಿಸಮ್ ಉಪಗ್ರಹದ ರಿಸಾಲ್ವ್ ಉಪಕರಣ ತನ್ನ ಸಂವೇದಕವನ್ನು 0.05 ಕೆಲ್ವಿನ್‌ಗೆ ಇಳಿಸಲು ಪುಟ್ಟ ಅತಿವಾಹಕ ಕಾಂತಗಳನ್ನೇ ಬಳಸುತ್ತದೆ. ಅಲ್ಲಿ ಅತಿದ್ರವ ಹೀಲಿಯಂ ಇದೆ, ಅದರ ಸುತ್ತ ಕ್ರಯೋಕೂಲರ್‌ಗಳಿವೆ, ಹೀಲಿಯಂ ಮುಗಿದ ಮೇಲೂ ಯಂತ್ರಗಳ ಬಲದಿಂದಲೇ ಕೆಲಸ ಮುಂದುವರಿಸುವ ಏರ್ಪಾಡೂ ಇದೆ. ಚಿಕ್ಕ ಕಾಂತಕ್ಕೆ ಈ ಮಿಶ್ರ ದಾರಿಗಿಂತ ಉತ್ತಮವಾದದ್ದು ನನಗೆ ಕಾಣದು.

ಎರಡು ವರ್ಷ ಮೀರಿದ, ಮೀಟರ್ ಅಳತೆಯ ಕಾಂತಕ್ಕೆ 4 ಕೆಲ್ವಿನ್ ದಾರಿಯನ್ನೇ ಬಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭೂಮಿಯ ಸಮೀಪದ ಕಕ್ಷೆಯಾದರೆ ಆಕ್ಸೈಡ್ ಪಟ್ಟಿ, ಕ್ರಯೋಕೂಲರ್, ಒಳ್ಳೆಯ ಹೊದಿಕೆ ಸಾಕು. ದೂರದ ಕಕ್ಷೆಯಾದರೆ ಮೊದಲು ನೆರಳು, ಉಳಿದ ಕೊರತೆಗೆ ಬ್ರೇಟನ್ ಯಂತ್ರ. ಗಗನಯಾನಿಗಳನ್ನು ವಿಶ್ವಕಿರಣಗಳಿಂದ ಕಾಯುವ ಬೃಹತ್ ಸುರುಳಿಗಳಿಗೆ ಹಗುರವಾದ ಮೆಗ್ನೀಸಿಯಂ ಡೈಬೋರೈಡ್ ಒಳ್ಳೆಯ ಅಭ್ಯರ್ಥಿ; 2013ರಿಂದ 2015ರವರೆಗೆ ನಡೆದ ಐರೋಪ್ಯ ಅಧ್ಯಯನ ಎಸ್‌ಆರ್‌ಟುಎಸ್ ಅದನ್ನೇ ಆರಿಸಿತ್ತು. ಅಲ್ಲಿಯೂ ನೆರಳಿಲ್ಲದೆ 10 ಕೆಲ್ವಿನ್ ಮುಟ್ಟುವ ಯೋಚನೆ ಮಾಡಬಾರದು.

ಆಯ್ಕೆ ಯಾವುದೇ ಆಗಲಿ, ಕಾಗದದ ಮೇಲಿನ ಶಾಖದ ಲೆಕ್ಕವನ್ನು ಅಂತಿಮವೆಂದು ಒಪ್ಪುವ ಮೊದಲು ಪೂರ್ಣ ಗಾತ್ರದ ವ್ಯವಸ್ಥೆಯನ್ನು ನಿರ್ವಾತದಲ್ಲಿಟ್ಟು, ಕಾಂತಕ್ಕೆ ಪ್ರವಾಹ ತುಂಬಿ, ಕೂಲರ್‌ಗಳಲ್ಲಿ ಒಂದನ್ನು ಬೇಕೆಂದೇ ನಿಲ್ಲಿಸಿ ಅಳೆಯಬೇಕು. ಹೊದಿಕೆಯ ಹೊಲಿಗೆಗಳು, ಆಧಾರಗಳ ಕೀಲುಗಳು, ಸಂವೇದಕದ ನೂರಾರು ಸಣ್ಣ ತಂತಿಗಳು ಸೇರಿಸುವ ಶಾಖ ಅಲ್ಲಿಯೇ ಬೆಳಕಿಗೆ ಬರುವುದು. ಆ ಅಳತೆಯನ್ನು ತಂತಿಯ ಆಯ್ಕೆ ಇನ್ನೂ ಬದಲಿಸಬಹುದಾದ ಹಂತದಲ್ಲೇ, ಸಣ್ಣ ಮಾದರಿಯ ಮೇಲಾದರೂ, ಒಮ್ಮೆ ಮಾಡಿ ಮುಗಿಸಿರಬೇಕು.